ತುಂಡಾದ ರೀಪೋಸ್ಟುಗಳು: ಕೊನೆಯ ಮಾತು ಎಲ್ಲಿ ಹೋಯಿತು?



ಮೊದಲಿಗೆ ಒಂದು ವಾಕ್ಯ ಓದುತ್ತೇನೆ, ಗಮನವಿಟ್ಟು ಕೇಳಿ. "ಮೂರು ದಿನಗಳಿಂದ ಮಳೆ ಬಿಡದೆ ಸುರಿದು ಸೇತುವೆಯ ಮೇಲೆ ನೀರು ಹರಿಯುತ್ತಿರುವುದರಿಂದ ನಾಳೆ ತಾಲ್ಲೂಕಿನ ಎಲ್ಲ ಶಾಲಾ ಕಾಲೇಜುಗಳಿಗೆ ರಜೆ ಘೋಷಿಸಲಾಗಿದೆ…" ಇಷ್ಟನ್ನು ಕೇಳಿದವರು ನಾಳೆ ರಜೆ ಎಂದೇ ತಿಳಿಯುತ್ತಾರೆ. ಈಗ ಅದೇ ವಾಕ್ಯದ ಉಳಿದ ಭಾಗವನ್ನೂ ಕೇಳಿ: "…ಎಂದು ನಿನ್ನೆ ರಾತ್ರಿಯಿಂದ ಹರಿದಾಡುತ್ತಿರುವ ಸುದ್ದಿ ನಿಜವಲ್ಲ." ಅರ್ಥ ಪೂರ್ತಿ ತಿರುಗಿಬಿತ್ತಲ್ಲವೇ? ಇದು ನಾನು ಉದಾಹರಣೆಗಾಗಿ ಕಟ್ಟಿದ ವಾಕ್ಯ. ಆದರೆ ಸಾಮಾಜಿಕ ಜಾಲತಾಣದಿಂದ ಕಂಪ್ಯೂಟರ್ ಪ್ರೋಗ್ರಾಮಿನ ಮೂಲಕ ಪೋಸ್ಟುಗಳನ್ನು ತರಿಸಿಕೊಳ್ಳುವಾಗ ವಾಕ್ಯಗಳು ನಿಜವಾಗಿಯೂ ಹೀಗೆ ತುಂಡಾಗುತ್ತವೆ. ಅದು ಏಕೆ ಆಗುತ್ತದೆ, ಎಲ್ಲಿ ಆಗುತ್ತದೆ, ಸರಿಪಡಿಸುವುದು ಹೇಗೆ ಎಂಬುದೇ ಇಂದಿನ ಮಾತು.

ನಿಮ್ಮಲ್ಲಿ ಕೆಲವರು ಕಾಲೇಜಿನ ಪ್ರಾಜೆಕ್ಟಿಗಾಗಿ ಇಂಥ ಕೆಲಸ ಮಾಡುತ್ತಿರಬಹುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಭಾರೀ ಮಳೆಯಾಗಿ ಗುಡ್ಡಗಳು ಕುಸಿದವು. ಆಗ ಜನ ನೆರವು ಕೇಳಲು, ದಾರಿ ತಿಳಿಸಲು ಸಾಮಾಜಿಕ ಜಾಲತಾಣಗಳನ್ನು ಬಳಸಿದರು. ಅಂಥ ದಿನಗಳ ಪೋಸ್ಟುಗಳನ್ನು ಸಂಗ್ರಹಿಸಿ ಯಾವ ಊರಿನಿಂದ ಏನು ಬೇಡಿಕೆ ಬಂತು, ಯಾವ ವದಂತಿ ಹಬ್ಬಿತು ಎಂದು ಅಧ್ಯಯನ ಮಾಡುವುದು ಉಪಯುಕ್ತವಾದ ಕೆಲಸ. ಆದರೆ ಸಂಗ್ರಹದಲ್ಲಿರುವ ಮಾತುಗಳೇ ಅರ್ಧಂಬರ್ಧವಾಗಿದ್ದರೆ? ಎಣಿಕೆ ಸರಿಯಾಗಿರುತ್ತದೆ, ನಕ್ಷೆ ಚೆನ್ನಾಗಿರುತ್ತದೆ, ತೀರ್ಮಾನ ಮಾತ್ರ ತಪ್ಪಾಗಿರುತ್ತದೆ.

ಮೊದಲು ಎಪಿಐ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಬ್ಯಾಂಕಿನಲ್ಲಿ ಕೌಂಟರಿನ ಕಿಂಡಿ ಇರುತ್ತದೆ. ನೀವು ಒಳಗೆ ಹೋಗಿ ಲೆಡ್ಜರ್ ತೆರೆಯುವಂತಿಲ್ಲ. ನಿಗದಿಯಾದ ಚೀಟಿಯನ್ನು ತುಂಬಿ ಕಿಂಡಿಯಲ್ಲಿ ಕೊಟ್ಟರೆ, ಚೀಟಿಯಲ್ಲಿ ಏನು ಕೇಳಿದ್ದೀರೋ ಅದು ಮಾತ್ರ ಹೊರಗೆ ಬರುತ್ತದೆ. ಎಪಿಐ ಕೂಡ ಅಂಥದೇ ಒಂದು ಕಿಂಡಿ. ಇಲ್ಲಿ ಚೀಟಿ ಕೊಡುವುದು ನಿಮ್ಮ ಪ್ರೋಗ್ರಾಮು, ಉತ್ತರ ಕೊಡುವುದು ಜಾಲತಾಣದ ಕಂಪ್ಯೂಟರು. ಈ ಹೋಲಿಕೆಯಲ್ಲಿ ಒಂದು ಮಾತನ್ನು ನೆನಪಿಟ್ಟುಕೊಳ್ಳಿ: ಚೀಟಿಯಲ್ಲಿ ಕೇಳದೆ ಇದ್ದದ್ದು ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಸಮಸ್ಯೆಯ ಅರ್ಧ ಭಾಗ ಇಷ್ಟೇ.

ಉಳಿದರ್ಧ ಭಾಗಕ್ಕೆ ಸ್ವಲ್ಪ ಇತಿಹಾಸ ಬೇಕು. ಟ್ವಿಟರ್ ಸೇವೆ ಆರಂಭವಾದದ್ದು 2006ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 2023ರ ಜುಲೈನಲ್ಲಿ ಅದರ ಹೆಸರು ಎಕ್ಸ್ ಎಂದಾಯಿತು. ಆರಂಭದಲ್ಲಿ ಅದು ಮೊಬೈಲಿನ ಎಸ್ಸೆಮ್ಮೆಸ್ಸನ್ನು ನಂಬಿಕೊಂಡಿದ್ದ ಸೇವೆ. ಒಂದು ಎಸ್ಸೆಮ್ಮೆಸ್ಸಿನ ಹೊಟ್ಟೆಯಲ್ಲಿ ಹಿಡಿಸುವುದು 140 ಬೈಟು, ಅಂದರೆ 1,120 ಬಿಟ್ಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ಟು ಸಾಕಾದ್ದರಿಂದ 160 ಅಕ್ಷರ ಹಿಡಿಸುತ್ತದೆ. ಕನ್ನಡಕ್ಕೆ ಒಂದೊಂದು ಸಂಕೇತಕ್ಕೂ 16 ಬಿಟ್ಟು ಬೇಕು, ಹಾಗಾಗಿ 70 ಮಾತ್ರ ಹಿಡಿಸುತ್ತದೆ. ಭಾಗಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಟ್ವಿಟರ್ ಆ 160ರಲ್ಲಿ 20ನ್ನು ಬಳಕೆದಾರರ ಹೆಸರಿಗೆ ಮೀಸಲಿಟ್ಟು, ಸಂದೇಶಕ್ಕೆ 140ರ ಮಿತಿ ಹಾಕಿತು.

ಬೇರೆಯವರ ಪೋಸ್ಟನ್ನು ತಮ್ಮ ಓದುಗರಿಗೂ ತೋರಿಸಬೇಕೆಂದು ಜನರಿಗೆ ಅನ್ನಿಸಿದಾಗ, ಅವರೇ ಒಂದು ಪದ್ಧತಿ ಮಾಡಿಕೊಂಡರು. ಮುಂದೆ ಆರ್, ಟಿ ಎಂಬ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಮೂಲ ಲೇಖಕರ ಬಳಕೆಯ ಹೆಸರು, ನಂತರ ಅವರ ಮಾತು. 2009ರ ನವೆಂಬರಿನಲ್ಲಿ ಟ್ವಿಟರ್ ಇದಕ್ಕಾಗಿಯೇ ಒಂದು ಗುಂಡಿ ಕೊಟ್ಟಿತು. ಅಲ್ಲಿಂದ ರೀಟ್ವೀಟ್ ಎಂಬುದು ಅಧಿಕೃತವಾಯಿತು. ಇಂದು ಅದನ್ನೇ ರೀಪೋಸ್ಟ್ ಎನ್ನುತ್ತಾರೆ. 2017ರ ನವೆಂಬರಿನಲ್ಲಿ ಹೆಚ್ಚಿನ ಭಾಷೆಗಳಿಗೆ ಮಿತಿ 140ರಿಂದ 280ಕ್ಕೆ ಏರಿತು. ಕನ್ನಡಕ್ಕೂ ಈ 280 ಅನ್ವಯಿಸುತ್ತದೆ. ಚೀನಿ, ಜಪಾನಿ, ಕೊರಿಯನ್ ಲಿಪಿಗಳ ಒಂದೊಂದು ಅಕ್ಷರವನ್ನು ಮಾತ್ರ ಎರಡೆಂದು ಎಣಿಸುತ್ತಾರೆ.

ಈಗ ತೊಡಕು ಎಲ್ಲಿ ಹುಟ್ಟಿತು ನೋಡಿ. ಮಿತಿ ಏರಿತು, ಸರಿ. ಆದರೆ ಅದಕ್ಕೂ ಮೊದಲು ಬರೆದಿದ್ದ ಪ್ರೋಗ್ರಾಮುಗಳು 140ಕ್ಕೇ ಹೊಂದಿಕೊಂಡಿದ್ದವು. ಅವು ಕೆಡಬಾರದೆಂದು ಎಪಿಐ ಹಳೆಯ ಅಳತೆಯಲ್ಲೇ ಉತ್ತರ ಕೊಡುತ್ತಾ ಹೋಯಿತು. 140 ದಾಟಿದ ಪೋಸ್ಟಿನ ಬಾಲ ಕತ್ತರಿಸಿ, ಮೂರು ಚುಕ್ಕಿಯ ಗುರುತು ಇಟ್ಟು ಕಳಿಸುತ್ತಿತ್ತು. ಪೂರ್ತಿ ಮಾತು ಬೇಕಾದವರು ಚೀಟಿಯಲ್ಲಿ 'ಟ್ವೀಟ್ ಮೋಡ್' ಎಂಬ ಕಡೆ 'ಎಕ್ಸ್‌ಟೆಂಡೆಡ್' ಎಂದು ಬರೆದು ಕೇಳಬೇಕಾಗಿತ್ತು. ಹಾಗೆ ಕೇಳಿದರೆ 'ಟೆಕ್ಸ್ಟ್' ಎಂಬ ಖಾನೆಯ ಬದಲು 'ಫುಲ್ ಟೆಕ್ಸ್ಟ್' ಎಂಬ ಖಾನೆಯಲ್ಲಿ ಪೂರ್ಣ ಪಾಠ ಬರುತ್ತಿತ್ತು.

"ಹಾಗಾದರೆ ಸಮಸ್ಯೆ ಮುಗಿಯಿತಲ್ಲ?" ಎಂದು ನೀವು ಕೇಳಬಹುದು. ಮೂಲ ಪೋಸ್ಟಿನ ಮಟ್ಟಿಗೆ ಮುಗಿಯಿತು, ರೀಪೋಸ್ಟಿನ ಮಟ್ಟಿಗೆ ಮುಗಿಯಲಿಲ್ಲ. ಪೂರ್ಣ ಪಾಠ ಕೊಡು ಎಂದು ಕೇಳಿದರೂ ರೀಪೋಸ್ಟಿನ 'ಫುಲ್ ಟೆಕ್ಸ್ಟ್' ಖಾನೆಯಲ್ಲಿ ಆರ್ ಟಿ ಎಂದು ಶುರುವಾಗಿ 140ಕ್ಕೆ ತುಂಡಾದ ಮಾತೇ ಇರುತ್ತಿತ್ತು. ಇನ್ನೊಂದು ವಿಚಿತ್ರವನ್ನು ಗಮನಿಸಿ. 'ಟ್ರಂಕೇಟೆಡ್', ಅಂದರೆ ತುಂಡಾಗಿದೆಯೇ, ಎಂಬ ಪ್ರಶ್ನೆಗೆ ಒಂದು ಖಾನೆ ಇತ್ತು. ತುಂಡಾದ ರೀಪೋಸ್ಟಿನಲ್ಲೂ ಅದರ ಉತ್ತರ 'ಇಲ್ಲ' ಎಂದೇ ಬರುತ್ತಿತ್ತು. ಆ ಒಂದು ಖಾನೆಯನ್ನೇ ನಂಬಿ ಕುಳಿತ ಪ್ರೋಗ್ರಾಮು ಮೋಸಹೋಗುತ್ತಿತ್ತು.

ಇದು ಏಕೆ ಹೀಗೆ? ರೀಪೋಸ್ಟ್ ಎಂಬುದು ಸ್ವತಃ ಒಂದು ಪತ್ರವಲ್ಲ. ಅದು ಪತ್ರವನ್ನು ಒಳಗಿಟ್ಟುಕೊಂಡ ಲಕೋಟೆ. ಲಕೋಟೆಯ ಮೇಲೆ "ಇಂಥವರ ಪತ್ರ" ಎಂದು ಬರೆದು, ಗುರುತಿಗಾಗಿ ಒಳಗಿನ ಮಾತಿನ ಮೊದಲ ನಾಲ್ಕು ಸಾಲು ಅಂಟಿಸಿದಂತೆ ಈ ಆರ್ ಟಿ ಸಾಲು. ಪತ್ರ ಇರುವುದು ಒಳಗೆ. ಆ ಒಳಗಿನ ಭಾಗಕ್ಕೆ ಹಳೆಯ ಎಪಿಐಯಲ್ಲಿ 'ರಿಟ್ವೀಟೆಡ್ ಸ್ಟೇಟಸ್' ಎಂದು ಹೆಸರು. ಅದರೊಳಗಿನ 'ಫುಲ್ ಟೆಕ್ಸ್ಟ್' ಖಾನೆಯಲ್ಲಿ ಪೂರ್ತಿ ಮಾತು ಕ್ಷೇಮವಾಗಿರುತ್ತಿತ್ತು. ತುಂಡಾದದ್ದು ಪತ್ರವಲ್ಲ, ಲಕೋಟೆಯ ಮೇಲಿನ ಚೀಟಿ. ನಾವು ಚೀಟಿಯನ್ನೇ ಪತ್ರವೆಂದು ಓದಿದರೆ ದೋಷ ಯಾರದು?

ಎಷ್ಟು ಭಾಗ ಹೋಗುತ್ತದೆ ಎಂದು ಲೆಕ್ಕ ಹಾಕೋಣ. ಆರ್, ಟಿ ಎರಡು. ಒಂದು ಖಾಲಿ ಜಾಗ. ಹೆಸರಿನ ಮುಂದಿನ ಅಟ್ ಚಿಹ್ನೆ ಒಂದು. ಬಳಕೆಯ ಹೆಸರು 13 ಅಕ್ಷರದ್ದು ಎಂದಿಟ್ಟುಕೊಳ್ಳಿ. ನಂತರ ಎರಡು ಚುಕ್ಕಿ, ಮತ್ತೊಂದು ಖಾಲಿ ಜಾಗ. ಒಟ್ಟು 19. ಕೊನೆಯ ಮೂರು ಚುಕ್ಕಿ ಯೂನಿಕೋಡಿನಲ್ಲಿ ಒಂದೇ ಸಂಕೇತ. ಅದನ್ನೂ ಕಳೆದರೆ 140ರಲ್ಲಿ ಮಾತಿಗೆ ಉಳಿಯುವುದು 120. ಮೂಲ ಪೋಸ್ಟು 280 ತುಂಬಿದ್ದರೆ ಅರ್ಧಕ್ಕಿಂತ ಹೆಚ್ಚು ಭಾಗ ಹೋಯಿತು. ನಾನು ಆರಂಭದಲ್ಲಿ ಓದಿದ ವಾಕ್ಯದಲ್ಲಿ ಒಟ್ಟು 174 ಸಂಕೇತಗಳಿವೆ. ಅದರ 120ನೆಯ ಸಂಕೇತ 'ಘೋಷಿಸಲಾಗಿದೆ' ಎಂಬ ಪದದ ಕೊನೆಯಲ್ಲಿ ಬರುತ್ತದೆ. ಅಂದರೆ ಕತ್ತರಿ ಬೀಳುವುದು ಸರಿಯಾಗಿ ಅಲ್ಲಿಗೇ.

ಇಲ್ಲಿ ನಾನು 'ಅಕ್ಷರ' ಎನ್ನದೆ 'ಸಂಕೇತ' ಎಂದದ್ದಕ್ಕೆ ಕಾರಣವಿದೆ. ನಾವು ಒಂದೇ ಅಕ್ಷರ ಎಂದುಕೊಳ್ಳುವ 'ಸ್ತ್ರೀ' ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತ: ಸ, ವಿರಾಮಚಿಹ್ನೆ, ತ, ಮತ್ತೊಂದು ವಿರಾಮಚಿಹ್ನೆ, ರ, ದೀರ್ಘ ಈಕಾರ. ಸಂಗ್ರಹಿಸುವಾಗ ಬಳಸುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಆ ಒಂದು ಅಕ್ಷರಕ್ಕೇ 18 ಬೈಟು. ಒತ್ತಕ್ಷರ, ಗುಣಿತಗಳಿಂದ ತುಂಬಿದ ನಮ್ಮ ಭಾಷೆಯಲ್ಲಿ 120 ಎಂಬುದು ಬೇಗ ಮುಗಿಯುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಇಂಗ್ಲಿಷಿನಲ್ಲಿ 'ಇದು ನಿಜವಲ್ಲ' ಎನ್ನುವ ಮಾತನ್ನು ವಾಕ್ಯದ ಮೊದಲಲ್ಲೇ ಹೇಳಿ, ಆಮೇಲೆ ಯಾವುದು ನಿಜವಲ್ಲ ಎಂದು ವಿವರಿಸುವುದುಂಟು. ಕನ್ನಡದ ಗುಣ ಬೇರೆ. ನಮ್ಮಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ಕೊನೆಗೆ. 'ಇಲ್ಲ', 'ಅಲ್ಲ', 'ಬೇಡ', 'ಬಾರದು' ಎಲ್ಲವೂ ಕೊನೆಗೆ. 'ಅಂತೆ' ಎಂಬ ಎರಡಕ್ಷರ ಇಡೀ ವಾಕ್ಯವನ್ನು ವದಂತಿಯಾಗಿಸುತ್ತದೆ, ಅದು ಬರುವುದೂ ಕೊನೆಗೇ. "ನೀರು ಕುಡಿಯಲು ಯೋಗ್ಯವಾಗಿದೆ" ಎಂಬಲ್ಲಿಗೆ ಮಾತು ನಿಂತರೆ ಒಂದು ಅರ್ಥ. "ಎಂದು ನಂಬಬೇಡಿ" ಎಂಬುದೂ ಸೇರಿದರೆ ಇನ್ನೊಂದು ಅರ್ಥ. ಬಾಲ ಕತ್ತರಿಸಿದ ಕನ್ನಡ ವಾಕ್ಯ ಅಪೂರ್ಣ ಎನ್ನುವಂತೆಯೂ ಕಾಣುವುದಿಲ್ಲ, ಕೆಲವೊಮ್ಮೆ ಪೂರ್ಣವಾದ ಸುಳ್ಳಾಗಿ ನಿಂತುಬಿಡುತ್ತದೆ. ಆದ್ದರಿಂದ ಕನ್ನಡದ ಪೋಸ್ಟುಗಳನ್ನು ಅಧ್ಯಯನ ಮಾಡುವವರು ಈ ದೋಷವನ್ನು ಸಣ್ಣದೆಂದು ಬಿಡುವಂತಿಲ್ಲ.

ಈಗ ಪರಿಹಾರಕ್ಕೆ ಬರೋಣ. ವೈದ್ಯರು ಔಷಧ ಬರೆಯುವ ಮೊದಲು ನಾಡಿ ನೋಡುವಂತೆ, ನೀವು ಮೊದಲು ಮಾತು ಎಲ್ಲಿ ತುಂಡಾಗಿದೆ ಎಂದು ಪತ್ತೆ ಮಾಡಬೇಕು. ಅದಕ್ಕೆ ಮೂರು ಲಕ್ಷಣಗಳನ್ನು ನೋಡಿ.

ಮೊದಲನೆಯದು, ಮಾತು ಆರ್ ಟಿ ಎಂದು ಆರಂಭವಾಗಿ, 140ರ ಆಸುಪಾಸಿನಲ್ಲಿ ಮೂರು ಚುಕ್ಕಿಯೊಂದಿಗೆ ನಿಂತಿದೆಯೇ? ಹಾಗಿದ್ದರೆ ಕತ್ತರಿ ಬಿದ್ದಿರುವುದು ಎಪಿಐಯ ಕಿಂಡಿಯಲ್ಲಿ. ಒಳಗಿನ ಪತ್ರವನ್ನು ತೆರೆಯಬೇಕು.

ಎರಡನೆಯದು, ಚುಕ್ಕಿಯೇನೂ ಇಲ್ಲದೆ ಎಲ್ಲ ಸಾಲುಗಳೂ ಒಂದೇ ಉದ್ದಕ್ಕೆ ನಿಂತಿವೆಯೇ? ಹಾಗಿದ್ದರೆ ಕತ್ತರಿ ನಿಮ್ಮ ಮನೆಯಲ್ಲೇ ಇದೆ. ಡೇಟಾಬೇಸಿನಲ್ಲಿ ಆ ಕಾಲಮ್ಮಿಗೆ ಕೊಟ್ಟ ಉದ್ದ ಸಾಲದೇ ಹೋಗಿರಬಹುದು. 255 ಬೈಟಿನ ಜಾಗದಲ್ಲಿ ಕನ್ನಡದ 85 ಸಂಕೇತಗಳಷ್ಟೇ ಹಿಡಿಸುತ್ತವೆ. ಜಾಗ ಸಾಲದಾಗ ಕೆಲವು ವ್ಯವಸ್ಥೆಗಳು ತಪ್ಪೆಂದು ನಿಲ್ಲದೆ, ಹೆಚ್ಚಾದದ್ದನ್ನು ಬಿಸಾಡಿ ಮುಂದೆ ಸಾಗುತ್ತವೆ. ಕಾಲಮ್ಮಿನ ಉದ್ದ ಹೆಚ್ಚಿಸಿ.

ಮೂರನೆಯದು, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರಾಕೃತಿಯೋ ಖಾಲಿ ಚೌಕವೋ ಕಾಣುತ್ತಿದೆಯೇ? ಹಾಗಿದ್ದರೆ ಯಾರೋ ಬೈಟುಗಳನ್ನು ಎಣಿಸಿ ಕತ್ತರಿಸಿದ್ದಾರೆ; ಮೂರು ಬೈಟಿನ ಒಂದು ಸಂಕೇತ ನಡುವೆ ಸೀಳಿಹೋಗಿದೆ. ಕತ್ತರಿಸಲೇಬೇಕಾದರೆ ಬೈಟಿನ ಲೆಕ್ಕ ಬಿಟ್ಟು ಪೂರ್ಣ ಅಕ್ಷರಗಳ ಲೆಕ್ಕ ಹಿಡಿಯಬೇಕು. ಕತ್ತರಿಸದಿರುವುದೇ ಇನ್ನೂ ಒಳ್ಳೆಯದು.

ದೋಷ ಎಪಿಐಯ ಕಿಂಡಿಯಲ್ಲೇ ಎಂದು ಗೊತ್ತಾದರೆ, ನಿಮ್ಮ ಬಳಿ ಇರುವ ಸಂಗ್ರಹ ಯಾವ ಕಾಲದ್ದು ಎಂದು ನೋಡಿ. ಹಳೆಯ, ಅಂದರೆ 1.1ನೆಯ ಆವೃತ್ತಿಯ ಸಂಗ್ರಹವಾದರೆ ಕ್ರಮ ಹೀಗೆ. ಪ್ರತಿಯೊಂದು ದಾಖಲೆಯಲ್ಲೂ 'ರಿಟ್ವೀಟೆಡ್ ಸ್ಟೇಟಸ್' ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಅದರೊಳಗಿನ 'ಫುಲ್ ಟೆಕ್ಸ್ಟ್' ತೆಗೆದುಕೊಳ್ಳಿ. ಇಲ್ಲದಿದ್ದರೆ ಅದು ಮೂಲ ಪೋಸ್ಟು, ಹೊರಗಿನ 'ಫುಲ್ ಟೆಕ್ಸ್ಟ್' ಸಾಕು. ಸತತವಾಗಿ ಹರಿದುಬರುವ ಸ್ಟ್ರೀಮಿಂಗ್ ವಿಧಾನದಲ್ಲಿ ಸಂಗ್ರಹಿಸಿದ್ದಾದರೆ, ಪೂರ್ಣ ಪಾಠ 'ಎಕ್ಸ್‌ಟೆಂಡೆಡ್ ಟ್ವೀಟ್' ಎಂಬ ಇನ್ನೊಂದು ಲಕೋಟೆಯ ಒಳಗಿರುತ್ತದೆ; ಅದನ್ನೂ ತೆರೆಯಬೇಕು.

2020ರಲ್ಲಿ ಎರಡನೆಯ ಆವೃತ್ತಿ ಬಂತು. ಅದರಲ್ಲಿ 'ಟ್ವೀಟ್ ಮೋಡ್' ಇಲ್ಲ. ಮೂಲ ಪೋಸ್ಟಿನ ಮಾತು 280ರವರೆಗೆ ನೇರವಾಗಿ ಬರುತ್ತದೆ. ಆದರೆ ರೀಪೋಸ್ಟಿನ ಮೇಲ್ಚೀಟಿ ಇಲ್ಲಿಯೂ ತುಂಡಾಗಿಯೇ ಬರುತ್ತದೆ. ಒಳಗಿನ ಪತ್ರವನ್ನು ಬೇರೆಯಾಗಿ ಕೇಳಬೇಕು. ಚೀಟಿಯಲ್ಲಿ 'ಎಕ್ಸ್‌ಪ್ಯಾನ್ಷನ್ಸ್' ಎಂಬ ಕಡೆ 'ರೆಫರೆನ್ಸ್ಡ್ ಟ್ವೀಟ್ಸ್ ಐಡಿ' ಎಂದು ಬರೆಯಿರಿ. ಆಗ ಉತ್ತರ ಎರಡು ಭಾಗವಾಗಿ ಬರುತ್ತದೆ. 'ಡೇಟಾ' ಎಂಬ ಭಾಗದಲ್ಲಿ ರೀಪೋಸ್ಟು ಮತ್ತು ಅದು ಸೂಚಿಸುವ ಮೂಲದ ಗುರುತಿನ ಸಂಖ್ಯೆ. 'ಇನ್‌ಕ್ಲೂಡ್ಸ್' ಎಂಬ ಭಾಗದಲ್ಲಿ ಆ ಮೂಲ ಪೋಸ್ಟು. ಗ್ರಂಥಾಲಯದ ಕಾರ್ಡು ನೋಡಿ ಕಪಾಟಿನಲ್ಲಿ ಪುಸ್ತಕ ಹುಡುಕುವಂತೆ, ಸಂಖ್ಯೆಯನ್ನು ಹಿಡಿದು ಎರಡನೆಯ ಭಾಗದಲ್ಲಿ ಹೊಂದಿಸಿಕೊಳ್ಳಬೇಕು. ಸಂಬಂಧ ಯಾವ ಬಗೆಯದು ಎಂದೂ ಅಲ್ಲಿ ಬರೆದಿರುತ್ತದೆ: ರೀಪೋಸ್ಟೇ, ಉಲ್ಲೇಖವೇ, ಉತ್ತರವೇ ಎಂದು. ಉಲ್ಲೇಖವಾಗಿದ್ದರೆ ಹಂಚಿದವರ ಮಾತು ಬೇರೆ, ಮೂಲದ ಮಾತು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಉಳಿಸಿಕೊಳ್ಳಿ.

2023ರಿಂದ ಹಣ ಕೊಡುವ ಚಂದಾದಾರರು 280ಕ್ಕಿಂತ ಬಹಳ ಉದ್ದದ ಪೋಸ್ಟು ಬರೆಯಬಹುದಾಗಿದೆ. ಅಂಥವುಗಳ ಪೂರ್ಣ ಪಾಠ 'ಟೆಕ್ಸ್ಟ್' ಖಾನೆಯಲ್ಲಿ ಇರುವುದಿಲ್ಲ. 'ನೋಟ್ ಟ್ವೀಟ್' ಎಂಬ ಖಾನೆಯನ್ನು ಕೇಳಿ ಪಡೆಯಬೇಕು. ಅದೇ 2023ರಲ್ಲಿ ಎಪಿಐಯ ಉಚಿತ ಬಳಕೆಗೆ ಬಹುಮಟ್ಟಿಗೆ ತೆರೆ ಬಿತ್ತು. ಹೀಗಾಗಿ ವಿದ್ಯಾರ್ಥಿಗಳ ಕೈಗೆ ಸಿಗುವುದು ಎಷ್ಟೋ ಸಲ ಹಿಂದಿನವರು ಕೂಡಿಟ್ಟ ಹಳೆಯ ಸಂಗ್ರಹವೇ. ಆ ಕಾರಣಕ್ಕಾಗಿಯೇ ಎರಡೂ ಆವೃತ್ತಿಗಳ ರೀತಿ ತಿಳಿದಿರಬೇಕು.

ಎಲ್ಲ ಜಾಲತಾಣಗಳೂ ಒಂದೇ ಹಾದಿ ಹಿಡಿದಿಲ್ಲ. ಮಾಸ್ಟೊಡಾನ್ ಎಂಬ ಜಾಲದಲ್ಲಿ ಸಾಮಾನ್ಯ ಮಿತಿ 500. ಅಲ್ಲಿ ಮರುಹಂಚಿಕೆಯಾದ ಮೂಲ ಪೋಸ್ಟು 'ರಿಬ್ಲಾಗ್' ಎಂಬ ಖಾನೆಯ ಒಳಗೆ ಬರುತ್ತದೆ. ಹೆಸರು ಬೇರೆಯಾದರೂ ನಿಯಮ ಒಂದೇ: ಹೊರಗಿನ ಲಕೋಟೆಯನ್ನು ಬಿಟ್ಟು ಒಳಗಿನ ಪತ್ರವನ್ನು ಓದು.

ಇನ್ನು ಮೂರು ಎಚ್ಚರಿಕೆಯ ಮಾತು. ಒಂದು, ಆರ್ ಟಿ ಎಂದು ಶುರುವಾದ ಮಾತ್ರಕ್ಕೆ ಅದು ಅಧಿಕೃತ ರೀಪೋಸ್ಟ್ ಎಂದು ತಿಳಿಯಬೇಡಿ. ಯಾರಾದರೂ ಕೈಯಾರೆ ಹಾಗೆ ಬರೆದಿರಬಹುದು. ಅಂಥದಕ್ಕೆ ಒಳಗಿನ ಪತ್ರವೇ ಇರುವುದಿಲ್ಲ. ಹಾಗೆಯೇ ಮೂರು ಚುಕ್ಕಿ ಬರೆದವರದೇ ಶೈಲಿಯೂ ಆಗಿರಬಹುದು. ಮಾತಿನ ರೂಪ ನೋಡಿ ನಿರ್ಧರಿಸದೆ, ಖಾನೆ ಇದೆಯೇ ಇಲ್ಲವೇ ಎಂದು ನೋಡಿ ನಿರ್ಧರಿಸಿ. ಎರಡು, ಪೋಸ್ಟಿನ ಗುರುತಿನ ಸಂಖ್ಯೆಯನ್ನು ಎಂದೂ ಅಳಿಸಬೇಡಿ. ಸಂಖ್ಯೆ ಇದ್ದರೆ, ಕಿಂಡಿಗೆ ಪ್ರವೇಶವಿರುವವರು ಪೂರ್ಣ ಪಾಠವನ್ನು ಮತ್ತೆ ತರಿಸಬಹುದು. ಮೂಲವನ್ನು ಬರೆದವರೇ ಅಳಿಸಿದ್ದರೆ ಅದೂ ಸಾಧ್ಯವಿಲ್ಲ. ಮೂರು, ಪೂರ್ತಿ ಸಿಗದ ಮಾತನ್ನು ನೀವೇ ಊಹಿಸಿ ತುಂಬಬೇಡಿ. ಎದುರಿಗೆ ಒಂದು ಕಾಲಮ್ಮು ಹಾಕಿ 'ಅಪೂರ್ಣ' ಎಂದು ಬರೆಯಿರಿ. ವರದಿಯಲ್ಲಿ ಎಷ್ಟು ಪೋಸ್ಟು ಪೂರ್ಣ, ಎಷ್ಟು ಅಪೂರ್ಣ ಎಂದು ಸ್ಪಷ್ಟವಾಗಿ ತಿಳಿಸಿ. ಹಾಗೆ ತಿಳಿಸಿದರೆ ನಿಮ್ಮ ಕೆಲಸದ ಬೆಲೆ ಕುಗ್ಗುವುದಿಲ್ಲ, ಓದುವವರ ನಂಬಿಕೆ ಹೆಚ್ಚುತ್ತದೆ.

ನೀವೇ ಮಾಡಿ ನೋಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಕಂಪ್ಯೂಟರ್ ಇಲ್ಲದಿದ್ದರೂ ನಡೆಯುತ್ತದೆ. ದಿನಪತ್ರಿಕೆಯಿಂದ ಉದ್ದವಾದ ಇಪ್ಪತ್ತು ಕನ್ನಡ ವಾಕ್ಯ ಆರಿಸಿಕೊಳ್ಳಿ. ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ, ಅನುಸ್ವಾರ, ಖಾಲಿ ಜಾಗ ಎಲ್ಲವನ್ನೂ ಒಂದೊಂದಾಗಿ ಎಣಿಸಿ, 120ನೆಯದಕ್ಕೆ ಗೆರೆ ಎಳೆಯಿರಿ. ಗೆರೆಯ ಆಚೆಗಿನ ಭಾಗವನ್ನು ಮುಚ್ಚಿ, ಉಳಿದದ್ದನ್ನು ಸ್ನೇಹಿತರಿಗೆ ಓದಿ ಹೇಳಿ, ಅರ್ಥ ಕೇಳಿ. ಎಷ್ಟು ವಾಕ್ಯಗಳ ಅರ್ಥ ಕೆಟ್ಟಿತು, ಎಷ್ಟರದ್ದು ತಿರುಗಿಯೇ ಬಿತ್ತು ಎಂದು ಪಟ್ಟಿ ಮಾಡಿ. ಅದೇ ಸುದ್ದಿಯ ಇಂಗ್ಲಿಷ್ ವಾಕ್ಯಗಳಲ್ಲೂ ಹೀಗೇ ಮಾಡಿ ಹೋಲಿಸಿದರೆ ಎರಡು ಭಾಷೆಗಳ ಕಟ್ಟಡವೇ ನಿಮಗೆ ಅರ್ಥವಾಗುತ್ತದೆ.

ಯಂತ್ರ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ. 140ಕ್ಕೆ ಕತ್ತರಿಸು ಎಂದರೆ 140ಕ್ಕೆ ಕತ್ತರಿಸುತ್ತದೆ. ಅಲ್ಲಿ ಯಾರೋ ಒಬ್ಬರು 'ಬರಬೇಡಿ' ಎಂದು ಎಚ್ಚರಿಸುತ್ತಿದ್ದರೇ, 'ಬನ್ನಿ' ಎಂದು ಕರೆಯುತ್ತಿದ್ದರೇ ಎಂಬುದು ಅದಕ್ಕೆ ಬೇಕಿಲ್ಲ. ಅದು ಬೇಕಾಗಿರುವುದು ನಮಗೆ. ಒಬ್ಬರ ಮಾತನ್ನು ಎಣಿಕೆಗೆ ಸೇರಿಸುವ ಮುನ್ನ ಅವರನ್ನು ಕೊನೆಯವರೆಗೂ ಮಾತಾಡಲು ಬಿಡುವುದು ಸಂಶೋಧಕರ ಮೊದಲ ಕರ್ತವ್ಯ. ನಿಮ್ಮ ಪ್ರೋಗ್ರಾಮಿಗೂ ಆ ತಾಳ್ಮೆಯನ್ನು ಕಲಿಸಿ.